ಕಿತ್ತ ಮೇಲೆ ಕೆಟ್ಟ ಗಣಕ

“ನಾನೇನೂ ಮಾಡಿಲ್ಲ ಸಾರ್. ಬ್ರೌಸರಿಗೆ ಬಂದಿದ್ದ ಅಪ್‌ಡೇಟನ್ನು ತೆಗೆದುಹಾಕಿದೆ, ಅಷ್ಟೇ!”

ಗಣಕ ರಿಪೇರಿ ಮಾಡುವವರಿಗೆ ಈ ಮಾತು ಹೊಸದಲ್ಲ. ಹೇಳುವ ಹುಡುಗ ಸುಳ್ಳನ್ನೂ ಹೇಳುತ್ತಿರುವುದಿಲ್ಲ. ಹೊಸ ಆವೃತ್ತಿಯ ರೂಪ ಹಿಡಿಸಲಿಲ್ಲವೆಂದೋ, ಗಣಕ ನಿಧಾನವಾಯಿತೆಂದೋ, ಅರ್ಜಿ ತುಂಬಬೇಕಾದ ಜಾಲತಾಣ ಸರಿಯಾಗಿ ತೆರೆದುಕೊಳ್ಳಲಿಲ್ಲವೆಂದೋ ಅವನು ಒಂದು ಗುಂಡಿ ಒತ್ತಿರುತ್ತಾನೆ. ಮರುದಿನ ಗಣಕ ಬೇರೆಯೇ ರಾಗ ಹಾಡತೊಡಗುತ್ತದೆ. ಇಮೇಲಿನಲ್ಲಿ ಬಂದ ಕೊಂಡಿಯನ್ನು ಒತ್ತಿದರೆ ಏನೂ ಆಗುವುದಿಲ್ಲ. ಸಹಾಯದ ಪುಟ ಬರೀ ಬಿಳಿಯಾಗಿ ಕಾಣುತ್ತದೆ. ಬ್ರೌಸರಿಗೆ ಸಂಬಂಧವೇ ಇಲ್ಲವೆಂದು ನಾವು ನಂಬಿದ್ದ ಮತ್ತೊಂದು ತಂತ್ರಾಂಶ, ಯಾವುದೋ ಕಡತ ಸಿಗುತ್ತಿಲ್ಲವೆಂದು ದೂರುತ್ತದೆ. ಅಪ್ಪ ಬೈಯುತ್ತಾರೆ. ಅದರಲ್ಲಿದ್ದ ಮದುವೆಯ ಫೋಟೋಗಳ ಗತಿಯೇನೆಂದು ಅಮ್ಮ ಆತಂಕಪಡುತ್ತಾರೆ. ಕೊನೆಗೆ ಗಣಕವನ್ನು ಹೊತ್ತು ಅಂಗಡಿಗೆ ಹೋದರೆ ಅನೇಕ ಕಡೆ ಸಿಗುವ ಉತ್ತರ ಒಂದೇ: “ಫಾರ್ಮ್ಯಾಟ್ ಮಾಡಬೇಕು.”

ಇದು ನೆಗಡಿ ಬಂತೆಂದು ಮೂಗು ಕೊಯ್ಯುವ ಚಿಕಿತ್ಸೆ. ಫಾರ್ಮ್ಯಾಟ್ ಮಾಡಿದರೆ ತೊಂದರೆ ಹೋಗುವುದು ನಿಜ. ಆದರೆ ಅದರ ಜೊತೆಗೆ ಎರಡು ತಿಂಗಳು ಕುಳಿತು ಬರೆದ ಪ್ರಾಜೆಕ್ಟ್ ವರದಿ, ಸ್ಕ್ಯಾನ್ ಮಾಡಿಟ್ಟ ಅಂಕಪಟ್ಟಿ, ಮನೆಮಂದಿಯ ಚಿತ್ರಗಳೂ ಹೋಗಬಹುದು. ಬ್ರೌಸರಿನ ಅಪ್‌ಡೇಟ್ ಕಿತ್ತ ಮೇಲೆ ಬರುವ ತೊಂದರೆಗಳಲ್ಲಿ ಬಹುಪಾಲನ್ನು ಮನೆಯಲ್ಲೇ, ಒಂದು ಕಡತವನ್ನೂ ಕಳೆದುಕೊಳ್ಳದೆ ಸರಿಪಡಿಸಬಹುದು. ಅದಕ್ಕೆ ಬೇಕಾದುದು ಗಣಕ ವಿಜ್ಞಾನದ ಪದವಿಯಲ್ಲ. ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಆಮೇಲೆ ಮಾಡಬೇಕು ಎಂಬ ಕ್ರಮ. ಈ ವಾರ ಆ ಕ್ರಮವನ್ನು ನೋಡೋಣ. ಅದಕ್ಕೂ ಮೊದಲು, ಒಂದು ಬ್ರೌಸರನ್ನು ಮುಟ್ಟಿದರೆ ಇಡೀ ಗಣಕ ಏಕೆ ನರಳುತ್ತದೆ ಎಂಬುದು ತಿಳಿದಿರಬೇಕು.

ವಠಾರದ ಒಂದೇ ನಲ್ಲಿ

ಚದುರಂಗದ ಆಟವೊಂದನ್ನು ಗಣಕದಿಂದ ತೆಗೆದುಹಾಕಿದರೆ ಬೇರೆ ಯಾವ ತಂತ್ರಾಂಶಕ್ಕೂ ಬಾಧೆಯಿಲ್ಲ. ಅದು ಬಾಡಿಗೆಗೆ ಬಂದವರಂತೆ. ತನ್ನ ಸಾಮಾನು ಕಟ್ಟಿಕೊಂಡು ಹೊರಟುಹೋಗುತ್ತದೆ. ಬ್ರೌಸರ್ ಕೂಡ ಮೊದಲು ಹಾಗೆಯೇ ಇತ್ತು. 1995ರಲ್ಲಿ ಮೈಕ್ರೋಸಾಫ್ಟ್ ಕಂಪನಿಯ ‘ಇಂಟರ್‌ನೆಟ್ ಎಕ್ಸ್‌ಪ್ಲೋರರ್’ ಮೊದಲ ಬಾರಿಗೆ ಬಂದಾಗ ವಿಂಡೋಸ್ 95ಕ್ಕೆ ಬೇಕಿದ್ದವರು ಸೇರಿಸಿಕೊಳ್ಳುವ ‘ಪ್ಲಸ್’ ಎಂಬ ಹೆಚ್ಚುವರಿ ಕಟ್ಟಿನಲ್ಲಿತ್ತು. 1997ರಲ್ಲಿ ಬಂದ ನಾಲ್ಕನೆಯ ಆವೃತ್ತಿಯಿಂದ ಕಥೆ ಬದಲಾಯಿತು. ಬ್ರೌಸರಿನ ಅಂಗಗಳು ವಿಂಡೋಸಿನ ಒಳಗೇ ಹೆಣೆದುಕೊಂಡವು. 1998ರ ವಿಂಡೋಸ್ 98ರಲ್ಲಂತೂ ಎರಡನ್ನೂ ಬೇರ್ಪಡಿಸುವುದೇ ಕಷ್ಟವಾಯಿತು.

ಹೆಣೆದುಕೊಳ್ಳುವುದೆಂದರೆ ಏನು? ವಿಂಡೋಸಿನಲ್ಲಿ ‘ಡಿಎಲ್‌ಎಲ್’ ಎಂಬ ಬಗೆಯ ಕಡತಗಳಿವೆ. ಹಲವು ತಂತ್ರಾಂಶಗಳು ಹಂಚಿಕೊಂಡು ಬಳಸುವ ಸಾಮಾನುಗಳು ಇವು. ಹಳೆಯ ವಠಾರದಲ್ಲಿ ಹತ್ತು ಮನೆಗಳಿಗೆ ಒಂದೇ ನಲ್ಲಿ ಇರುತ್ತಿತ್ತಲ್ಲ, ಹಾಗೆ. ಪುಟವನ್ನು ತೆರೆಯ ಮೇಲೆ ಮೂಡಿಸುವ ಕೆಲಸಕ್ಕೆ ‘ಎಂಎಸ್‌ಎಚ್‌ಟಿಎಂಎಲ್’ ಎಂಬ ಕಡತ, ಜಾಲದೊಡನೆ ಮಾತಾಡುವ ಕೆಲಸಕ್ಕೆ ‘ವಿನ್‌ಇನೆಟ್’ ಎಂಬ ಕಡತ. ಇವನ್ನು ಬ್ರೌಸರ್ ಮಾತ್ರವಲ್ಲ, ಅಂಚೆಯ ತಂತ್ರಾಂಶವೂ ವಿಂಡೋಸಿನ ಸಹಾಯದ ಪುಟಗಳೂ ಬೇರೆ ಕಂಪನಿಗಳು ಬರೆದ ಎಷ್ಟೋ ತಂತ್ರಾಂಶಗಳೂ ಬಳಸುತ್ತಿದ್ದವು. ಒಂದು ಮನೆಯವರು ಹೊಸ ನಲ್ಲಿ ಹಾಕಿಸಿ, ಆಮೇಲೆ ಬೇಡವೆಂದು ಕಿತ್ತರೆ ನೀರು ನಿಲ್ಲುವುದು ಹತ್ತು ಮನೆಗಳಿಗೆ.

ಈ ಪ್ರಶ್ನೆ ಅಮೆರಿಕದ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ವಿಂಡೋಸ್ ಜೊತೆ ಬ್ರೌಸರನ್ನೂ ಕಡ್ಡಾಯವಾಗಿ ಕೊಡುವುದು ಪೈಪೋಟಿಯನ್ನು ಹತ್ತಿಕ್ಕುವ ಉಪಾಯವೆಂದು ಅಲ್ಲಿನ ಸರ್ಕಾರ ವಾದಿಸಿತು. ಬ್ರೌಸರಿನ ಕಡತಗಳನ್ನು ತೆಗೆದರೆ ವಿಂಡೋಸೇ ಓಡುವುದಿಲ್ಲವೆಂದು ಕಂಪನಿ ಹೇಳಿತು. 1997ರ ಡಿಸೆಂಬರಿನಲ್ಲಿ ನ್ಯಾಯಾಧೀಶ ಥಾಮಸ್ ಪೆನ್‌ಫೀಲ್ಡ್ ಜಾಕ್ಸನ್ ಅವರು, ಬ್ರೌಸರನ್ನು ತೆಗೆಯಲು ಎರಡು ನಿಮಿಷವೂ ಹಿಡಿಯಲಿಲ್ಲ, ಗಣಕ ಚೆನ್ನಾಗಿಯೇ ಓಡುತ್ತಿದೆ ಎಂದು ನ್ಯಾಯಾಲಯದಲ್ಲೇ ಹೇಳಿದರು. ಒಂದು ರೀತಿಯಲ್ಲಿ ಇಬ್ಬರ ಮಾತೂ ಸರಿ. ವಿಂಡೋಸಿನ ಪಟ್ಟಿಯಿಂದ ‘ತೆಗೆ’ ಎಂದಾಗ ಹೋಗುತ್ತಿದ್ದುದು ಮುಖ್ಯವಾಗಿ ಬ್ರೌಸರಿನ ಚಿಹ್ನೆ ಮತ್ತು ಅದರ ಬಾಗಿಲು. ಹಂಚಿಕೊಂಡ ಕಡತಗಳು ಒಳಗೇ ಉಳಿದಿರುತ್ತಿದ್ದವು. ವ್ಯಾಜ್ಯದ ಮುಂದಿನ ತಿರುವುಗಳು ನಮಗೆ ಬೇಡ. ನಾವು ನೆನಪಿಡಬೇಕಾದುದು ಇಷ್ಟು: ‘ತೆಗೆಯುವುದು’ ಎಂಬ ಒಂದೇ ಪದಕ್ಕೆ ಗಣಕದಲ್ಲಿ ಹಲವು ಅರ್ಥಗಳಿವೆ. ಕೆಲವೊಮ್ಮೆ ಚಿಹ್ನೆ ಹೋಗುತ್ತದೆ, ಕೆಲವೊಮ್ಮೆ ಕಡತಗಳು ಹೋಗುತ್ತವೆ, ಕೆಲವೊಮ್ಮೆ ಹೊಸ ಕಡತ ಹೋಗಿ ಹಳೆಯದು ಅದರ ಜಾಗಕ್ಕೆ ಬರುತ್ತದೆ. ಈ ಮೂರನೆಯದೇ ಹೆಚ್ಚು ಅಪಾಯದ್ದು.

ಬೂದುಬಣ್ಣಕ್ಕೆ ತಿರುಗಿದ ಗುಂಡಿ

ವಿಂಡೋಸ್ ಎಕ್ಸ್‌ಪಿ ಬಳಸಿದವರಿಗೆ ಈ ಮೂರನೆಯ ಬಗೆ ಚೆನ್ನಾಗಿ ಗೊತ್ತು. ಎಕ್ಸ್‌ಪಿ ಜೊತೆ ಬಂದದ್ದು ಎಕ್ಸ್‌ಪ್ಲೋರರಿನ ಆರನೆಯ ಆವೃತ್ತಿ. 2006ರ ಅಕ್ಟೋಬರಿನಲ್ಲಿ ಏಳನೆಯದು ಬಂದು, ಹಲವರ ಗಣಕಗಳಿಗೆ ಅಪ್‌ಡೇಟಿನ ಮೂಲಕ ತಾನಾಗಿಯೇ ಇಳಿಯಿತು. ಹಿಡಿಸದಿದ್ದವರು ಅದನ್ನು ತೆಗೆದು ಮತ್ತೆ ಆರಕ್ಕೆ ಮರಳಬಹುದಿತ್ತು. ಅದಕ್ಕಾಗಿ ಹಳೆಯ ಕಡತಗಳನ್ನು ವಿಂಡೋಸಿನ ಒಳಗೆ ಒಂದು ಗುಪ್ತ ಫೋಲ್ಡರಿನಲ್ಲಿ ಜೋಪಾನವಾಗಿ ಇಡಲಾಗುತ್ತಿತ್ತು. ಡಿಸ್ಕಿನಲ್ಲಿ ಜಾಗ ಮಾಡಲೆಂದು ಆ ಫೋಲ್ಡರನ್ನೇ ಅಳಿಸಿದವರಿಗೆ ಹಿಂದಿರುಗುವ ದಾರಿಯೇ ಇರಲಿಲ್ಲ.

2008ರ ಮೇ ತಿಂಗಳಿನಲ್ಲಿ ಎಕ್ಸ್‌ಪಿಯ ಮೂರನೆಯ ‘ಸರ್ವಿಸ್ ಪ್ಯಾಕ್’ ಬಂತು. ಏಳನೆಯ ಆವೃತ್ತಿ ಇರುವ ಗಣಕದ ಮೇಲೆ ಇದನ್ನು ಹಾಕಿದರೆ, ಬ್ರೌಸರನ್ನು ತೆಗೆಯುವ ಗುಂಡಿ ಬೂದುಬಣ್ಣಕ್ಕೆ ತಿರುಗಿ ಕೆಲಸ ಮಾಡುತ್ತಿರಲಿಲ್ಲ. ಜನ ಇದನ್ನು ದೋಷವೆಂದುಕೊಂಡರು. ಅದು ಬೇಕೆಂದೇ ಮಾಡಿದ್ದು. ಗುಪ್ತ ಫೋಲ್ಡರಿನಲ್ಲಿದ್ದ ಆರನೆಯ ಆವೃತ್ತಿಯ ಕಡತಗಳು ಸರ್ವಿಸ್ ಪ್ಯಾಕಿಗಿಂತ ಹಳೆಯವು. ವಿಂಡೋಸಿನ ಉಳಿದ ಭಾಗ ಹೊಸದು. ಈಗ ಬ್ರೌಸರನ್ನು ತೆಗೆದರೆ ಹೊಸ ವಿಂಡೋಸಿನ ನಡುವೆ ಹಳೆಯ ಕಡತಗಳು ಬಂದು ಕೂರುತ್ತವೆ. ಹೊಸ ಗಾಡಿಗೆ ಹಳೆಯ ಗಾಡಿಯ ಒಂದು ಚಕ್ರ ಹಾಕಿದ ಹಾಗೆ! ಇಂಥ ಬೆರಕೆ ಸ್ಥಿತಿಯಲ್ಲಿ ಗಣಕ ಕೆಡುತ್ತದೆಂದು ತಿಳಿದೇ ಕಂಪನಿ ಗುಂಡಿಯನ್ನು ಮುಚ್ಚಿತು.

ಇಂದು ನಮ್ಮ ಮುಂದೆ ಬರುವ ತೊಂದರೆಗಳಿಗೂ ಎಷ್ಟೋ ಸಲ ಮೂಲ ಈ ‘ಬೆರಕೆ’ಯೇ. ತೆರೆಯ ಮೇಲೆ ‘ಎಂಟ್ರಿ ಪಾಯಿಂಟ್ ನಾಟ್ ಫೌಂಡ್’ ಎಂಬ ಸಂದೇಶ ಬಂದರೆ ಅರ್ಥ ಇಷ್ಟೇ: ಒಂದು ತಂತ್ರಾಂಶ ತನಗೆ ಬೇಕಾದ ಸಾಮಾನನ್ನು ಹುಡುಕಿಕೊಂಡು ಡಿಎಲ್‌ಎಲ್ ಕಡತದ ಬಾಗಿಲು ತಟ್ಟಿದೆ, ಕಡತವೇನೋ ಇದೆ, ಆದರೆ ಅದು ಬೇರೆ ಆವೃತ್ತಿಯದು, ಕೇಳಿದ ಸಾಮಾನು ಅದರಲ್ಲಿಲ್ಲ. ವೈರಸ್ಸೂ ಅಲ್ಲ, ಡಿಸ್ಕ್ ಕೆಟ್ಟಿದ್ದೂ ಅಲ್ಲ.

ಫೋನಿಗೂ ತಪ್ಪಿದ್ದಲ್ಲ

ಇದೆಲ್ಲ ಹಳೆಯ ಕಥೆಯೆಂದು ತಳ್ಳಿಹಾಕಬೇಡಿ. ಆಂಡ್ರಾಯ್ಡ್ ಫೋನುಗಳಲ್ಲಿ ‘ವೆಬ್‌ವ್ಯೂ’ ಎಂಬ ಭಾಗವಿದೆ. ಬ್ರೌಸರಿನ ಎಂಜಿನ್ನನ್ನೇ ಬೇರೆ ಆಪ್‌ಗಳಿಗೆ ಒದಗಿಸುವ ಭಾಗ ಅದು. ಅದೇ ವಠಾರದ ನಲ್ಲಿ. 2021ರ ಮಾರ್ಚ್ ತಿಂಗಳಿನಲ್ಲಿ ಅದಕ್ಕೆ ಬಂದ ದೋಷವಿದ್ದ ಒಂದು ಅಪ್‌ಡೇಟಿನಿಂದ ಜೀಮೇಲ್ ಸೇರಿದಂತೆ ಹಲವು ಆಪ್‌ಗಳು ತೆರೆದೊಡನೆ ಮುಚ್ಚಿಕೊಳ್ಳತೊಡಗಿದವು. ಜನ ಜೀಮೇಲನ್ನು ತೆಗೆದು ಮತ್ತೆ ಹಾಕಿದರು, ಪ್ರಯೋಜನವಾಗಲಿಲ್ಲ. ತಪ್ಪು ಜೀಮೇಲಿನಲ್ಲಿ ಇರಲಿಲ್ಲವಲ್ಲ. ವೆಬ್‌ವ್ಯೂ ಅಪ್‌ಡೇಟನ್ನು ಕಿತ್ತವರಿಗೆ ತಾತ್ಕಾಲಿಕ ಪರಿಹಾರ ಸಿಕ್ಕಿತು. ಗೂಗಲ್ ಸರಿಪಡಿಸಿದ ಹೊಸ ಅಪ್‌ಡೇಟ್ ಬಿಟ್ಟ ಮೇಲೆ ಎಲ್ಲರಿಗೂ ಸರಿಹೋಯಿತು.

ಅಂದರೆ ಅಪ್‌ಡೇಟ್ ಕೀಳುವುದೇ ಮಹಾಪಾಪವಲ್ಲ. ಕೆಲವು ಸಲ ಅದೇ ಔಷಧ. ಆದರೆ ಏನು ಕೀಳುತ್ತಿದ್ದೇವೆ, ಅದನ್ನು ಇನ್ನು ಯಾರು ಯಾರು ನೆಚ್ಚಿಕೊಂಡಿದ್ದಾರೆ ಎಂದು ತಿಳಿದು ಕೀಳಬೇಕು. ವಿಂಡೋಸ್ 11ರಲ್ಲೂ ‘ವೆಬ್‌ವ್ಯೂ2’ ಎಂಬ ಇಂಥದೇ ಭಾಗವಿದೆ. ತರಗತಿಗಳಿಗೆ ಬಳಸುವ ‘ಟೀಮ್ಸ್’ ಮತ್ತು ಹೊಸ ‘ಔಟ್‌ಲುಕ್’ ಅದರ ಮೇಲೆ ನಿಂತಿವೆ. ಪಟ್ಟಿಯಲ್ಲಿ ಅದರ ಹೆಸರು ಕಂಡು, ಇದೇನೋ ಬೇಡದ್ದೆಂದು ತೆಗೆದರೆ ಕ್ಲಾಸಿಗೆ ಹಾಜರಿ ತಪ್ಪುತ್ತದೆ!

ಮೊದಲ ಕೆಲಸ: ಕೈಕಟ್ಟಿ ಕೂರುವುದು

ಈಗ ನಿಮ್ಮ ಗಣಕ ಕೆಟ್ಟಿದೆ ಎಂದುಕೊಳ್ಳಿ. ಮೊದಲು ಮಾಡಬೇಕಾದ ಕೆಲಸ ರಿಪೇರಿಯಲ್ಲ. ಇನ್ನೇನನ್ನೂ ತೆಗೆಯಬೇಡಿ, ಇನ್ನೇನನ್ನೂ ಹಾಕಬೇಡಿ. ಒಂದು ಕಾಗದ ತೆಗೆದುಕೊಂಡು ಐದು ವಿಷಯ ಬರೆಯಿರಿ: ಯಾವ ಬ್ರೌಸರ್, ಯಾವ ಅಪ್‌ಡೇಟ್ ತೆಗೆದಿರಿ, ಯಾವ ದಿನ ತೆಗೆದಿರಿ, ಏನು ಕೆಲಸ ಮಾಡುತ್ತಿಲ್ಲ, ತೆರೆಯ ಮೇಲೆ ಬಂದ ಸಂದೇಶ ಏನು. ಸಂದೇಶವನ್ನು ಒಂದಕ್ಷರವೂ ಬಿಡದೆ ಬರೆದುಕೊಳ್ಳಿ, ಇಲ್ಲವೇ ಫೋನಿನಿಂದ ಚಿತ್ರ ತೆಗೆದುಕೊಳ್ಳಿ. ‘ಏನೋ ಎರರ್ ಬಂತು’ ಎಂದು ವೈದ್ಯರಿಗೆ ಹೇಳಿದರೆ ಅವರಾದರೂ ಏನು ಮಾಡಿಯಾರು?

ಎರಡನೆಯದು, ಮುಖ್ಯವಾದ ಕಡತಗಳನ್ನು ಪೆನ್ ಡ್ರೈವಿಗೋ ಬೇರೆ ಡಿಸ್ಕಿಗೋ ನಕಲು ಮಾಡಿ. ಗಣಕ ಅರ್ಧಂಬರ್ಧ ಓಡುತ್ತಿದ್ದರೂ ಈ ಕೆಲಸ ಸಾಧ್ಯ. ಪೂರ್ತಿ ತೆರೆದುಕೊಳ್ಳದಿದ್ದರೆ, ಉಬುಂಟುವಿನಂಥ ಲಿನಕ್ಸನ್ನು ಪೆನ್ ಡ್ರೈವಿನಿಂದಲೇ ಓಡಿಸಿ, ಡಿಸ್ಕನ್ನು ಮುಟ್ಟದೆ ಕಡತಗಳನ್ನು ಹೊರತೆಗೆಯಬಹುದು. ಅಂಗಡಿಯವರಿಗೆ ಕೊಡುವುದಾದರೂ ಈ ಮಾತನ್ನು ಮೊದಲೇ ಹೇಳಿ: “ಕಡತಗಳು ಉಳಿಯಬೇಕು, ಫಾರ್ಮ್ಯಾಟಿಗೆ ಮೊದಲು ನಮ್ಮನ್ನು ಕೇಳಬೇಕು.”

ಪೋಷಕರಿಗೆ ಇಲ್ಲಿ ಒಂದು ಎಚ್ಚರಿಕೆ. ಈಚಿನ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಇಡೀ ಡಿಸ್ಕಿಗೆ ‘ಬಿಟ್‌ಲಾಕರ್’ ಬೀಗ ಬಿದ್ದಿರುತ್ತದೆ. ಮನೆಯವರಿಗೆ ಗೊತ್ತೇ ಇರುವುದಿಲ್ಲ. ರಿಪೇರಿಯ ಪರದೆಗೆ ಹೋದಾಗ ಗಣಕ 48 ಅಂಕೆಗಳ ಕೀಲಿಯನ್ನು ಕೇಳಬಹುದು. ಅದು ಇಲ್ಲದಿದ್ದರೆ ಡಿಸ್ಕ್ ಸರಿಯಿದ್ದರೂ ಒಳಗಿರುವುದು ಯಾರಿಗೂ ದಕ್ಕುವುದಿಲ್ಲ. ಮೇಲೆ ಹೇಳಿದ ಲಿನಕ್ಸ್ ಉಪಾಯವೂ ನಡೆಯುವುದಿಲ್ಲ. ಸಾಮಾನ್ಯವಾಗಿ ಈ ಕೀಲಿ ಗಣಕವನ್ನು ಮೊದಲು ಸಿದ್ಧಗೊಳಿಸಿದವರ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಗಣಕ ಚೆನ್ನಾಗಿರುವಾಗಲೇ, ಇವತ್ತೇ, ಅದನ್ನು ಹುಡುಕಿ ಕಾಗದದ ಮೇಲೆ ಬರೆದು ಬೀರುವಿನಲ್ಲಿಡಿ.

ಕಾಗೆಯೋ, ಟೊಂಗೆಯೋ?

ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಎನ್ನುತ್ತೇವೆ. ಅಪ್‌ಡೇಟ್ ತೆಗೆದ ಮೇಲೆ ಬಂದ ತೊಂದರೆಯೆಲ್ಲ ಅಪ್‌ಡೇಟ್ ತೆಗೆದದ್ದರಿಂದಲೇ ಬಂದಿರಬೇಕಾಗಿಲ್ಲ. ತಪ್ಪನ್ನು ಪತ್ತೆಹಚ್ಚಲು ಈ ಸಣ್ಣ ಪರೀಕ್ಷೆಗಳನ್ನು ಮಾಡಿ.

ಒಂದು: ಅದೇ ವೈಫೈಗೆ ಫೋನನ್ನು ಜೋಡಿಸಿ ಅದೇ ತಾಣ ತೆರೆಯಿರಿ. ಫೋನಿನಲ್ಲೂ ಬಾರದಿದ್ದರೆ ತಪ್ಪು ಸಂಪರ್ಕದ್ದು ಇಲ್ಲವೇ ತಾಣದ್ದು. ಗಣಕವನ್ನು ಬೈದು ಪ್ರಯೋಜನವಿಲ್ಲ.

ಎರಡು: ಗಣಕದಲ್ಲಿ ಬೇರೆ ಬ್ರೌಸರಿದ್ದರೆ ಅದರಲ್ಲಿ ತೆರೆಯಿರಿ. ಅದರಲ್ಲಿ ಬಂದರೆ ತಪ್ಪು ಮೊದಲ ಬ್ರೌಸರಿಗೆ ಸೀಮಿತ. ಎರಡರಲ್ಲೂ ಬಾರದಿದ್ದರೆ ತಪ್ಪು ವಿಂಡೋಸಿನ ಆಳದಲ್ಲಿದೆ.

ಮೂರು: ಗಡಿಯಾರ ನೋಡಿ. ಗಣಕದ ತಾರೀಕು ವರ್ಷಗಟ್ಟಲೆ ಹಿಂದಿದ್ದರೆ, ‘ಸಂಪರ್ಕ ಸುರಕ್ಷಿತವಲ್ಲ’ ಎಂದು ಬ್ರೌಸರ್ ಸಾಲುಸಾಲು ತಾಣಗಳನ್ನು ತಡೆಯುತ್ತದೆ. ತಾಣಗಳ ಸುರಕ್ಷತಾ ಪತ್ರಗಳಿಗೆ ಆರಂಭ ಮತ್ತು ಮುಕ್ತಾಯದ ದಿನಾಂಕಗಳಿರುವುದೇ ಕಾರಣ. ಹಳೆಯ ಮೇಜಿನ ಗಣಕಗಳಲ್ಲಿ ನಾಣ್ಯದಾಕಾರದ ಸಣ್ಣ ಬ್ಯಾಟರಿ ಸತ್ತಾಗ ಹೀಗಾಗುತ್ತದೆ. ಬ್ಯಾಟರಿ ಬದಲಿಸಿದರೆ ಮುಗಿಯಿತು.

ನಾಲ್ಕು: ಪ್ರಾಕ್ಸಿಯನ್ನು ನೋಡಿ. ವಿಂಡೋಸಿನ ಸೆಟಿಂಗ್ಸ್‌ನಲ್ಲಿ ನೆಟ್‌ವರ್ಕ್ ವಿಭಾಗದಲ್ಲಿ ಇದು ಸಿಗುತ್ತದೆ. ಕಾಲೇಜಿನ ಜಾಲಕ್ಕೆಂದು ಹಾಕಿದ ಪ್ರಾಕ್ಸಿ ಮನೆಗೆ ಬಂದ ಮೇಲೂ ಉಳಿದಿದ್ದರೆ ಜಾಲವೇ ಸಿಗುವುದಿಲ್ಲ. ಕ್ರೋಮ್ ಕೂಡ ವಿಂಡೋಸಿನ ಈ ವ್ಯವಸ್ಥೆಯನ್ನೇ ನೋಡುವುದರಿಂದ, ಬ್ರೌಸರ್ ಬದಲಿಸಿದರೂ ತೊಂದರೆ ಹೋಗುವುದಿಲ್ಲ.

ಮೆದುವಿನಿಂದ ಕಠಿಣದ ಕಡೆಗೆ

ಪರೀಕ್ಷೆಗಳ ನಂತರವೂ ತಪ್ಪು ಕಿತ್ತ ಅಪ್‌ಡೇಟಿನದೇ ಎಂದು ತೋರಿದರೆ, ಈ ಕೆಳಗಿನ ಉಪಾಯಗಳನ್ನು ಇದೇ ಕ್ರಮದಲ್ಲಿ, ಒಂದಾದ ಮೇಲೆ ಒಂದನ್ನು ಮಾಡಿ. ಪ್ರತಿಯೊಂದರ ಬಳಿಕ ಗಣಕ ಸರಿಹೋಯಿತೇ ಎಂದು ನೋಡಿ. ಎರಡನ್ನು ಒಟ್ಟಿಗೆ ಮಾಡಿದರೆ ಯಾವುದರಿಂದ ಗುಣವಾಯಿತು, ಯಾವುದರಿಂದ ಉಲ್ಬಣವಾಯಿತು ಎಂದು ತಿಳಿಯುವುದಿಲ್ಲ.

ಗಣಕವನ್ನು ‘ರೀಸ್ಟಾರ್ಟ್’ ಮಾಡಿ. ‘ಶಟ್‌ಡೌನ್’ ಮಾಡಿ ಮತ್ತೆ ಹಾಕುವುದಲ್ಲ. ಈಚಿನ ವಿಂಡೋಸಿನಲ್ಲಿ ಶಟ್‌ಡೌನ್ ಎಂದರೆ ಅರ್ಧ ನಿದ್ದೆ ಮಾತ್ರ. ಬಾಕಿ ಉಳಿದ ಬದಲಾವಣೆಗಳು ಪೂರ್ತಿಯಾಗುವುದು ರೀಸ್ಟಾರ್ಟ್‌ನಲ್ಲಿ.

ಕೊಂಡಿಗಳು ಮಾತ್ರ ತೆರೆಯುತ್ತಿಲ್ಲವಾದರೆ ಸೆಟಿಂಗ್ಸ್‌ನ ‘ಡಿಫಾಲ್ಟ್ ಆಪ್ಸ್’ ವಿಭಾಗಕ್ಕೆ ಹೋಗಿ, ಕೊಂಡಿಗಳನ್ನು ಯಾವ ಬ್ರೌಸರ್ ತೆರೆಯಬೇಕೆಂದು ಮತ್ತೆ ಆರಿಸಿ. ಹಳೆಯ ಯಜಮಾನ ಹೋಗಿದ್ದಾನೆ, ಹೊಸಬ ಯಾರೆಂದು ವಿಂಡೋಸಿಗೆ ಯಾರೂ ಹೇಳಿಲ್ಲ, ಅಷ್ಟೇ.

ತೆಗೆದ ಅಪ್‌ಡೇಟನ್ನು ಮತ್ತೆ ಹಾಕಿ. ಇದು ಸೋಲೊಪ್ಪಿಕೊಂಡಂತೆ ಎನಿಸಬಹುದು. ಆದರೆ ಬೆರಕೆಯನ್ನು ಹೋಗಲಾಡಿಸಲು ಇದಕ್ಕಿಂತ ನೇರವಾದ ದಾರಿಯಿಲ್ಲ.

ಅದೂ ಆಗದಿದ್ದರೆ ‘ಸಿಸ್ಟಮ್ ರೀಸ್ಟೋರ್’. 2000ದಲ್ಲಿ ಬಂದ ವಿಂಡೋಸ್ ಎಂಇಯಿಂದ ಈ ಸೌಲಭ್ಯವಿದೆ. ಗಣಕದ ವ್ಯವಸ್ಥೆಯನ್ನು ಹಿಂದಿನ ಒಂದು ದಿನದ ಸ್ಥಿತಿಗೆ ಕೊಂಡೊಯ್ಯುತ್ತದೆ. ನಿಮ್ಮ ಬರಹ, ಚಿತ್ರಗಳನ್ನು ಮುಟ್ಟುವುದಿಲ್ಲ. ಆ ದಿನದ ನಂತರ ಹಾಕಿದ ತಂತ್ರಾಂಶಗಳು ಮಾತ್ರ ಹೋಗುತ್ತವೆ. ಕೆಲವು ಗಣಕಗಳಲ್ಲಿ ಇದನ್ನು ಚಾಲೂ ಮಾಡಿರುವುದಿಲ್ಲ. ಇಂದೇ ನೋಡಿಕೊಳ್ಳಿ. ಬೆಂಕಿ ಬಿದ್ದ ಮೇಲೆ ಬಾವಿ ತೋಡಿದರೆ ಉಪಯೋಗವಿಲ್ಲ.

ಬಳಿಕ ವಿಂಡೋಸ್ ತನ್ನ ಕಡತಗಳನ್ನು ತಾನೇ ತಪಾಸಣೆ ಮಾಡಿಕೊಳ್ಳುವಂತೆ ಹೇಳಬಹುದು. ‘ಕಮಾಂಡ್ ಪ್ರಾಂಪ್ಟ್’ ಮೇಲೆ ಮೌಸಿನ ಬಲಗುಂಡಿ ಒತ್ತಿ, ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ‘ಎಸ್‌ಎಫ್‌ಸಿ’ ಎಂಬ ಮೂರು ಇಂಗ್ಲಿಷ್ ಅಕ್ಷರ, ಒಂದು ಖಾಲಿ ಜಾಗ, ಒಂದು ಓರೆಗೆರೆ, ಅದಕ್ಕೆ ಅಂಟಿಕೊಂಡಂತೆ ‘ಸ್ಕ್ಯಾನ್‌ನೌ’ ಎಂದು ಒಂದೇ ಪದವಾಗಿ ಬರೆದು ಎಂಟರ್ ಒತ್ತಿ. ಕೆಟ್ಟ ಅಥವಾ ಬೆರಕೆಯಾದ ವ್ಯವಸ್ಥಾ ಕಡತಗಳ ಜಾಗಕ್ಕೆ ಸರಿಯಾದುವನ್ನು ಇದು ತಂದಿಡುತ್ತದೆ. ಸ್ವಲ್ಪ ಹೊತ್ತು ಹಿಡಿಯುತ್ತದೆ, ಅವಸರಪಟ್ಟು ಮಧ್ಯದಲ್ಲಿ ನಿಲ್ಲಿಸಬೇಡಿ. ಡಿಎಲ್‌ಎಲ್ ಕಡತವನ್ನು ಯಾವುದೋ ಅಪರಿಚಿತ ತಾಣದಿಂದ ಇಳಿಸಿಕೊಂಡು ತುಂಬಲು ಮಾತ್ರ ಹೋಗಬೇಡಿ. ಅದರ ಜೊತೆ ಏನು ಬರುತ್ತದೆಂದು ದೇವರೇ ಬಲ್ಲ.

ವಿಂಡೋಸ್ ತೆರೆಯುವುದೇ ಇಲ್ಲವೇ? ಆರಂಭದಲ್ಲಿ ಕೆಲವು ಸಲ ವಿಫಲವಾದ ಮೇಲೆ ಗಣಕ ತಾನಾಗಿಯೇ ದುರಸ್ತಿಯ ಪರದೆ ತೋರಿಸುತ್ತದೆ. ಅಲ್ಲಿ ‘ಟ್ರಬಲ್‌ಶೂಟ್’ ಒಳಗೆ ಸ್ಟಾರ್ಟಪ್ ರಿಪೇರ್, ಸಿಸ್ಟಮ್ ರೀಸ್ಟೋರ್ ಎರಡೂ ಸಿಗುತ್ತವೆ. ಎಲ್ಲಕ್ಕಿಂತ ಕೊನೆಗೆ ‘ರೀಸೆಟ್’ ಇದೆ. ಅದರಲ್ಲೂ ‘ನನ್ನ ಕಡತಗಳನ್ನು ಉಳಿಸಿಕೊ’ ಎಂಬ ಆಯ್ಕೆಯಿದೆ. ತಂತ್ರಾಂಶಗಳು ಹೋಗುತ್ತವೆ, ಕಡತಗಳು ಉಳಿಯುತ್ತವೆ. ಫಾರ್ಮ್ಯಾಟ್ ಇದರ ನಂತರದ ಮಾತು.

ಕ್ರೋಮ್, ಫೈರ್‌ಫಾಕ್ಸ್ ಬಳಸುವವರಿಗೆ

ಇವು ವಿಂಡೋಸಿನ ಗೋಡೆಯೊಳಗೆ ಸೇರಿದ ಬ್ರೌಸರುಗಳಲ್ಲ. ತೆಗೆದರೆ ವಿಂಡೋಸಿಗೆ ನೋವಿಲ್ಲ, ನೋವು ನಿಮ್ಮ ‘ಪ್ರೊಫೈಲಿ’ಗೆ. ನೀವು ಗುರುತು ಮಾಡಿಟ್ಟ ಪುಟಗಳು, ಗುಪ್ತಪದಗಳು, ಹುಡುಕಾಟದ ಇತಿಹಾಸ ಎಲ್ಲವೂ ಇರುವುದು ಈ ಪ್ರೊಫೈಲ್ ಫೋಲ್ಡರಿನಲ್ಲಿ. ಹೊಸ ಆವೃತ್ತಿ ಅದನ್ನು ತನ್ನ ರೀತಿಗೆ ಬದಲಿಸಿಕೊಂಡಿರುತ್ತದೆ. ಆಮೇಲೆ ಹಳೆಯ ಆವೃತ್ತಿಯನ್ನು ತಂದರೆ ಅದಕ್ಕೆ ಈ ಹೊಸ ಬರವಣಿಗೆ ಓದಲು ಬರುವುದಿಲ್ಲ. 2019ರ 67ನೇ ಆವೃತ್ತಿಯಿಂದ ಫೈರ್‌ಫಾಕ್ಸ್ ಇಂಥ ಸಂದರ್ಭದಲ್ಲಿ ಹಳೆಯ ಪ್ರೊಫೈಲನ್ನು ತೆರೆಯದೆ, ಹೊಸದನ್ನು ಮಾಡಿಕೊಳ್ಳಿ ಎನ್ನುತ್ತದೆ. ಬುಕ್‌ಮಾರ್ಕುಗಳೆಲ್ಲ ಮಾಯವಾದುವೆಂದು ಅಳುವ ಮುನ್ನ ತಿಳಿಯಿರಿ: ಅವು ಹೋಗಿಲ್ಲ, ಹಳೆಯ ಪ್ರೊಫೈಲಿನಲ್ಲಿ ಹಾಗೇ ಇವೆ. ಹೊಸ ಆವೃತ್ತಿಯನ್ನು ಮತ್ತೆ ಹಾಕಿ ಆ ಪ್ರೊಫೈಲನ್ನು ಆರಿಸಿದರೆ ಸಿಗುತ್ತವೆ.

ಕ್ರೋಮ್ ತೆಗೆಯುವಾಗ ‘ನಿಮ್ಮ ಬ್ರೌಸಿಂಗ್ ಮಾಹಿತಿಯನ್ನೂ ಅಳಿಸಬೇಕೇ’ ಎಂಬ ಸಣ್ಣ ಚೌಕ ಬರುತ್ತದೆ. ಅವಸರದಲ್ಲಿ ಅದಕ್ಕೆ ಗುರುತು ಹಾಕಿದರೆ, ಗಣಕದಲ್ಲಿದ್ದ ಪ್ರೊಫೈಲೂ ಹೋಗುತ್ತದೆ. ವಿಂಡೋಸ್ 7 ಇರುವ ಹಳೆಯ ಗಣಕದವರಿಗೆ ಮತ್ತೊಂದು ಮಾತು: ಅದಕ್ಕೆ ಹೊಂದುವ ಕ್ರೋಮ್‌ಗಳಲ್ಲಿ 109ನೆಯದೇ ಕೊನೆಯದು. ಅದನ್ನು ತೆಗೆದ ಮೇಲೆ ಈಗಿನ ಕ್ರೋಮ್ ಹಾಕಲು ಹೋದರೆ ಆ ಗಣಕ ಒಪ್ಪುವುದಿಲ್ಲ.

ಕೀಳುವ ಮುನ್ನ

ಅಪ್‌ಡೇಟ್‌ಗಳು ಬರುವುದು ಚಂದಕ್ಕಲ್ಲ. ಬಹಳಷ್ಟು ಸಲ ಕಳ್ಳರು ನುಗ್ಗುವ ಕಿಂಡಿಗಳನ್ನು ಮುಚ್ಚುವುದಕ್ಕೆ. ತೆಗೆದರೆ ಕಿಂಡಿ ಮತ್ತೆ ತೆರೆಯುತ್ತದೆ. ಹಾಗಾಗಿ ಏಕೆ ತೆಗೆಯುತ್ತಿದ್ದೇವೆಂದು ಮೊದಲು ಕೇಳಿಕೊಳ್ಳಿ. ರೂಪ ಹಿಡಿಸದಿದ್ದರೆ ಎಷ್ಟೋ ಸಲ ಸೆಟಿಂಗ್ಸ್‌ನಲ್ಲೇ ಬದಲಿಸಿಕೊಳ್ಳಬಹುದು. ನಿಧಾನವಾಗಿದ್ದರೆ ಬ್ರೌಸರಿಗೆ ಸೇರಿಸಿಕೊಂಡ ಎಕ್ಸ್‌ಟೆನ್ಷನ್‌ಗಳನ್ನು ಒಂದೊಂದಾಗಿ ನಿಲ್ಲಿಸಿ ನೋಡಿ.

ಹಳೆಯ ತಾಣವೊಂದು ಎಕ್ಸ್‌ಪ್ಲೋರರನ್ನೇ ಕೇಳುತ್ತಿದ್ದರೆ? ಎಕ್ಸ್‌ಪ್ಲೋರರ್ 2022ರ ಜೂನ್ 15ರಂದು ನಿವೃತ್ತಿಯಾಯಿತು. 2023ರ ಫೆಬ್ರುವರಿಯಲ್ಲಿ ವಿಂಡೋಸ್ 10ರ ಹೆಚ್ಚಿನ ಗಣಕಗಳಲ್ಲಿ ‘ಎಡ್ಜ್’ ಬ್ರೌಸರಿನ ಅಪ್‌ಡೇಟೊಂದು ಅದನ್ನು ಪೂರ್ತಿ ಮುಚ್ಚಿತು. ಅದನ್ನು ವಾಪಸು ತರಲೆಂದು ಅಪ್‌ಡೇಟ್‌ಗಳನ್ನು ಕೀಳುತ್ತ ಹೋಗಬೇಡಿ. ಎಡ್ಜ್‌ನಲ್ಲಿ ‘ಐಇ ಮೋಡ್’ ಎಂಬ ವ್ಯವಸ್ಥೆಯಿದೆ. ಅದನ್ನು ಕನಿಷ್ಠ 2029ರವರೆಗೆ ಉಳಿಸುವುದಾಗಿ ಮೈಕ್ರೋಸಾಫ್ಟ್ ಹೇಳಿದೆ. ಬೇಕಾದ ತಾಣವೊಂದನ್ನೇ ಅದರಲ್ಲಿ ತೆರೆದರೆ ಸಾಕು.

‘ನಿಮ್ಮ ಬ್ರೌಸರ್ ಹಳೆಯದಾಗಿದೆ, ಇಲ್ಲಿ ಒತ್ತಿ’ ಎಂದು ಯಾವುದೋ ಪುಟ ಕಿರುಚಿದರೆ ಒತ್ತಬೇಡಿ. ಬ್ರೌಸರಿನ ಅಪ್‌ಡೇಟ್ ಸಿಗುವುದು ಬ್ರೌಸರಿನ ಒಳಗಿನ ಮೆನುವಿನಲ್ಲಿ. ಹಾಗೆಯೇ, ‘ನಿಮ್ಮ ಗಣಕದಲ್ಲಿ ದೋಷವಿದೆ’ ಎಂದು ತಾವಾಗಿ ಫೋನ್ ಮಾಡುವವರು ರಿಪೇರಿಯವರಲ್ಲ, ಮೋಸಗಾರರು.

ತಂದೆ ತಾಯಿಯರಿಗೆ ಕೊನೆಯದಾಗಿ ಒಂದು ಮಾತು. ಮಗ ಅಥವಾ ಮಗಳು ಗಣಕ ಕೆಡಿಸಿದರೆ ಗದರಿ ಅಂಗಡಿಗೆ ಹೊರುವ ಮುನ್ನ ಒಂದು ಸಂಜೆ ಅವರ ಕೈಗೇ ಬಿಡಿ. ಷರತ್ತು ಎರಡೇ: ಮೊದಲು ಕಡತಗಳ ನಕಲು, ಆಮೇಲೆ ಕಾಗದದ ಮೇಲೆ ಪ್ರತಿ ಹೆಜ್ಜೆಯ ಬರವಣಿಗೆ. ಬೈಗುಳಕ್ಕೆ ಹೆದರಿದ ಮಗು ಏನು ಮಾಡಿದೆನೆಂಬುದನ್ನು ಮುಚ್ಚಿಡುತ್ತದೆ. ಮುಚ್ಚಿಟ್ಟ ಆ ಒಂದು ವಿವರವೇ ರಿಪೇರಿಗೆ ಬೇಕಾದ ಸುಳಿವಾಗಿರುತ್ತದೆ. ಊಹಿಸಿ, ಪರೀಕ್ಷಿಸಿ, ಒಂದೊಂದೇ ಬದಲಿಸಿ ನೋಡುವ ಈ ಅಭ್ಯಾಸ ಪ್ರಯೋಗಾಲಯದಲ್ಲಿ ಕಲಿಸುವುದಕ್ಕಿಂತ ಬೇರೆಯದೇನಲ್ಲ.

ನೆನಪಿಡಿ

● ಸಂದೇಶವನ್ನು ಪೂರ್ತಿ ಬರೆದುಕೊಳ್ಳಿ.
● ಕಡತಗಳ ನಕಲು ಮೊದಲು, ರಿಪೇರಿ ನಂತರ.
● ಬಿಟ್‌ಲಾಕರ್ ಕೀಲಿ ಕಾಗದದ ಮೇಲಿರಲಿ.
● ಸಂಪರ್ಕ, ಗಡಿಯಾರ, ಪ್ರಾಕ್ಸಿ ನೋಡದೆ ಅಪ್‌ಡೇಟನ್ನು ದೂರಬೇಡಿ.
● ಒಂದು ಸಲಕ್ಕೆ ಒಂದೇ ಬದಲಾವಣೆ.
● ಕಿತ್ತ ಅಪ್‌ಡೇಟನ್ನು ಮತ್ತೆ ಹಾಕುವುದು ಅನೇಕ ಸಲ ಅತಿ ಸುಲಭದ ಮದ್ದು.
● ಫಾರ್ಮ್ಯಾಟ್ ಕೊನೆಯ ಉಪಾಯ, ಮೊದಲನೆಯದಲ್ಲ.